ನೆಟ್‌ಬ್ಯಾಕಪ್ ಕಮಾಂಡ್‌ಗಳಲ್ಲಿ ಈ ‘ಬಿಪಿ’ ಎಲ್ಲಿಂದ ಬಂತು? ವೆರಿಟಾಸ್ ಕಥೆ ಗೊತ್ತಿರುವವರು ಹೇಳಿ

ರಾತ್ರಿಪಾಳಿ_ರಘು
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಂಪನಿಯಲ್ಲಿ ಬ್ಯಾಕಪ್ ಟೀಮ್ ಸೇರಿ ಎಂಟು ತಿಂಗಳಾಯಿತು. ಕೆಲಸ ನೆಟ್‌ಬ್ಯಾಕಪ್ ಮೇಲೆ, ಅಂದರೆ ಕಂಪನಿಗಳ ಡೇಟಾದ ನಕಲು ತೆಗೆದಿಡುವ ಸಾಫ್ಟ್‌ವೇರ್. ಒಂದು ವಿಷಯ ಮಾತ್ರ ತಲೆ ತಿನ್ನುತ್ತಿದೆ. ಕಮಾಂಡ್‌ಗಳು ಬಹುತೇಕ ‘ಬಿಪಿ’ ಅಂತಲೇ ಶುರುವಾಗುತ್ತವೆ. ಬಿಪಿಬ್ಯಾಕಪ್, ಬಿಪಿರಿಸ್ಟೋರ್, ಬಿಪಿಲಿಸ್ಟ್. ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಕೂತಿರುವ ಫೋಲ್ಡರ್ ಹೆಸರು ‘ಓಪನ್‌ವಿ’. ನೆಟ್‌ಬ್ಯಾಕಪ್ ಅನ್ನುವ ಹೆಸರಿನಲ್ಲಿ ಬಿಪಿಯೂ ಇಲ್ಲ, ಓಪನ್‌ವಿಯೂ ಇಲ್ಲ!

ಹಳೇ ಡಾಕ್ಯುಮೆಂಟ್‌ಗಳಲ್ಲಿ ಒಂದು ಕಡೆ ವೆರಿಟಾಸ್ ಲೋಗೋ, ಇನ್ನೊಂದು ಕಡೆ ಸಿಮ್ಯಾಂಟೆಕ್ ಲೋಗೋ, ಮತ್ತೆ ವೆರಿಟಾಸ್, ಈಗ ಕೊಹೀಸಿಟಿ. ಸೀನಿಯರ್ ಒಬ್ಬರನ್ನು ಕೇಳಿದೆ. “ಅದು ಮೊದಲಿಂದಲೂ ಹಾಗೇ ಇದೆ, ನೀನು ಟಿಕೆಟ್ ಕ್ಲೋಸ್ ಮಾಡು” ಅಂದರು. ಇಷ್ಟು ಸಲ ಕೈ ಬದಲಾದ ಕಂಪನಿಯ ಕಥೆ ಏನು?

ಕಾಫಿ_ಬೈಟು
ರಾತ್ರಿ ಎರಡು ಗಂಟೆಗೆ ಜಾಬ್ ಫೇಲ್ ಆದರೆ ಏರುತ್ತದಲ್ಲ, ಅದೇ ಬಿಪಿ.

ಟೇಪ್_ತಿಮ್ಮ
😂 ಮಾತ್ರೆ ತಗೊಂಡೇ ಶಿಫ್ಟ್‌ಗೆ ಹೋಗಬೇಕು.

ಹಳೇ_ಅಡ್ಮಿನ್
ರಘು, ಒಳ್ಳೆ ಪ್ರಶ್ನೆ. ನಿಮ್ಮ ಸೀನಿಯರ್‌ಗೂ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹಾಗಂದಿದ್ದಾರೆ.

ನೆಟ್‌ಬ್ಯಾಕಪ್ ಹುಟ್ಟಿದ್ದು ವೆರಿಟಾಸ್‌ನಲ್ಲಿ ಅಲ್ಲವೇ ಅಲ್ಲ. 1987ರಲ್ಲಿ ಅಮೆರಿಕದ ಕಾರು ಕಂಪನಿ ಕ್ರೈಸ್ಲರ್ ತನ್ನ ಕಂಪ್ಯೂಟರ್‌ಗಳಿಗೆ ಒಂದು ಬ್ಯಾಕಪ್ ವ್ಯವಸ್ಥೆ ಬರೆದುಕೊಡಿ ಅಂತ ಕಂಟ್ರೋಲ್ ಡೇಟಾ ಕಾರ್ಪೊರೇಷನ್ ಅನ್ನು ಕೇಳಿತು. ನಾಲ್ಕಾರು ಎಂಜಿನಿಯರ್‌ಗಳು ಕೂತು ಬರೆದರು. ಬೇರೆ ಗ್ರಾಹಕರೂ ನಮಗೂ ಕೊಡಿ ಅಂದರು. 1990ರ ಹೊತ್ತಿಗೆ ಅದಕ್ಕೆ ‘ಆಟೊಮೇಟೆಡ್ ವರ್ಕ್‌ಸ್ಟೇಷನ್ ಬ್ಯಾಕಪ್ ಸಿಸ್ಟಮ್’ ಅಂತ ಮಾರುದ್ದದ ಹೆಸರಿತ್ತು. 1993ರಲ್ಲಿ ಅದನ್ನು ಕತ್ತರಿಸಿ ‘ಬ್ಯಾಕಪ್‌ಪ್ಲಸ್’ ಅಂತ ಮಾಡಿದರು. ಬ್ಯಾಕಪ್‌ನ ಬಿ, ಪ್ಲಸ್‌ನ ಪಿ. ನಿಮ್ಮ ಬಿಪಿ ಅದೇ.

ಅದೇ ವರ್ಷದ ಕೊನೆಗೆ ಓಪನ್‌ವಿಷನ್ ಅನ್ನುವ ಕಂಪನಿ ಈ ಸಾಫ್ಟ್‌ವೇರ್ ಅನ್ನೂ ಆ ಹನ್ನೆರಡು ಜನರ ಟೀಮನ್ನೂ ಒಟ್ಟಿಗೆ ಕೊಂಡುಕೊಂಡಿತು. ನೆಟ್‌ಬ್ಯಾಕಪ್ ಅಂತ ಹೆಸರಿಟ್ಟವರು ಅವರು. ಫೋಲ್ಡರ್‌ಗೆ ತಮ್ಮದೇ ಹೆಸರು ಇಟ್ಟರು. ಅದು ಓಪನ್‌ವಿ. 1997ರಲ್ಲಿ ಓಪನ್‌ವಿಷನ್ ವೆರಿಟಾಸ್ ಜೊತೆ ಸೇರಿಹೋಯಿತು. ಓಪನ್‌ವಿಷನ್ ಹೋಗಿ ಇಷ್ಟು ವರ್ಷವಾಯಿತು, ಫೋಲ್ಡರ್ ಹೋಗಿಲ್ಲ.

ರಾತ್ರಿಪಾಳಿ_ರಘು
ಅಯ್ಯೋ, ಇಷ್ಟು ಸರಳವಾ! ಥ್ಯಾಂಕ್ಸ್ ಸರ್. ಆದರೆ ಹೆಸರು ಬದಲಾಯಿಸಲು ಯಾರಿಗೂ ಅನ್ನಿಸಲಿಲ್ಲವಾ?

ಹಳೇ_ಅಡ್ಮಿನ್
ಬದಲಾಯಿಸಿದರೆ ಪ್ರಪಂಚದ ಅರ್ಧ ಸ್ಕ್ರಿಪ್ಟ್‌ಗಳು ಮುರಿದು ಬೀಳುತ್ತವೆ ಮಾರಾಯರೇ. ಯಾರು ಕೈ ಹಾಕುತ್ತಾರೆ?

ಮಿನ್ನೆಸೋಟ_ಚಳಿ
ಒಂದು ಸಣ್ಣ ಸೇರ್ಪಡೆ. ನಾನಿರುವುದು ಮಿನ್ನೆಸೋಟದಲ್ಲಿ, ಊರು ಹಾಸನ. ಕಂಟ್ರೋಲ್ ಡೇಟಾ ಇಲ್ಲಿಯದೇ ಕಂಪನಿ. ಮಾಲೀಕರು ಕ್ಯಾಲಿಫೋರ್ನಿಯಾದವರಾದ ಮೇಲೂ ನೆಟ್‌ಬ್ಯಾಕಪ್ ಬರೆಯುವ ಕೆಲಸ ಬಹಳ ಕಾಲ ಇಲ್ಲಿನ ರೋಸ್‌ವಿಲ್‌ನಲ್ಲೇ ನಡೆಯಿತು. ಇಲ್ಲಿನ ಹಿಮ ಬಿಟ್ಟು ಹೋಗಲು ಜನ ಒಪ್ಪಲಿಲ್ಲವೋ ಏನೋ. ನನಗಂತೂ ಪ್ರತಿ ಜನವರಿಯಲ್ಲೂ ಓಡಿಹೋಗಬೇಕು ಅನ್ನಿಸುತ್ತದೆ.

ಇನ್ನೊಂದು ತಮಾಷೆ. ಓಪನ್‌ವಿಷನ್ ಹೆಸರು ಇನ್ನೊಂದು ಕಡೆಯೂ ಬದುಕಿದೆ. ನೆಟ್‌ವರ್ಕ್‌ನಲ್ಲಿ ಲಾಗಿನ್ ಪರಿಶೀಲಿಸುವ ಸಾಫ್ಟ್‌ವೇರ್ ಆದ ಎಂಐಟಿಯ ಕರ್ಬರೋಸ್‌ನ ಲೈಸೆನ್ಸ್ ಬರಹ ತೆಗೆದು ಓದಿ. ಅದರ ಅಡ್ಮಿನಿಸ್ಟ್ರೇಷನ್ ಭಾಗದ ಕೋಡ್ ಓಪನ್‌ವಿಷನ್ ಕೊಟ್ಟದ್ದು ಅಂತ ಇವತ್ತಿಗೂ ಬರೆದಿದೆ.

ವೀಮ್_ಅಭಿಮಾನಿ
ಹಾಗಾದರೆ ವೆರಿಟಾಸ್ ಸ್ವಂತವಾಗಿ ಮಾಡಿದ್ದಾದರೂ ಏನು? ಬರೀ ಕೊಂಡುಕೊಂಡಿದ್ದೇನಾ?

ಹಳೇ_ಅಡ್ಮಿನ್
ಹಾಗೆ ಸುಮ್ನೆ ಅಂದುಬಿಡಬೇಡಿ. ವೆರಿಟಾಸ್‌ನ ಮೂಲ ಹೆಸರು ಟಾಲರೆಂಟ್ ಸಿಸ್ಟಮ್ಸ್. 80ರ ದಶಕದ ಶುರುವಿನಲ್ಲಿ ಇಂಟೆಲ್ ಬಿಟ್ಟು ಬಂದವರು ಕಟ್ಟಿದ ಕಂಪನಿ. ಒಂದು ಭಾಗ ಕೆಟ್ಟರೂ ನಿಲ್ಲದ ಕಂಪ್ಯೂಟರ್ ಮಾಡುತ್ತೇವೆ ಅಂತ ಹೊರಟರು. ಕಂಪ್ಯೂಟರ್ ಓಡಿತು, ವ್ಯಾಪಾರ ಓಡಲಿಲ್ಲ. 1989ರಲ್ಲಿ ಪೆಟ್ಟಿಗೆ ಮಾಡುವುದನ್ನು ಬಿಟ್ಟು, ಅದರೊಳಗಿದ್ದ ಸಾಫ್ಟ್‌ವೇರ್ ಮಾತ್ರ ಮಾರೋಣ ಅಂತ ಹೆಸರನ್ನೇ ಬದಲಾಯಿಸಿಕೊಂಡರು. ಮರುವರ್ಷ ಮಾರ್ಕ್ ಲೆಸ್ಲಿ ಸಿಇಒ ಆದರು. 1993ರಲ್ಲಿ ಷೇರು ಮಾರುಕಟ್ಟೆಗೆ ಬಂದರು.

ಆ ಸಾಫ್ಟ್‌ವೇರ್ ಅಂದರೆ ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ನಿಭಾಯಿಸುವ ವಾಲ್ಯೂಮ್ ಮ್ಯಾನೇಜರ್ ಮತ್ತು ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವಿಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್. ಕರೆಂಟ್ ಹೋಗಿ ಸರ್ವರ್ ಬಿದ್ದರೆ, ಆಗೆಲ್ಲ ಡಿಸ್ಕ್ ಪೂರ್ತಿ ತಪಾಸಣೆ ಆಗುವ ತನಕ ಗಂಟೆಗಟ್ಟಲೆ ಕಾಯಬೇಕಿತ್ತು. ವಿಎಕ್ಸ್‌ಎಫ್‌ಎಸ್ ಮಾಡುವ ಬದಲಾವಣೆಯನ್ನು ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಎದ್ದ ಮೇಲೆ ಆ ಚೀಟಿ ಓದಿದರೆ ಸಾಕು. ಸನ್ ಕಂಪನಿಯ ಸೋಲಾರಿಸ್ ಸರ್ವರ್‌ಗಳ ಕಾಲದಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ನಾನು ಅದರಿಂದಲೇ ಸೈಟ್ ಕೊಂಡೆ ಅಂದರೂ ತಪ್ಪಿಲ್ಲ.

ಕಾಫಿ_ಬೈಟು
ಸೈಟ್ ಯಾವ ಲೇಔಟ್ ಸರ್?

ಹಳೇ_ಅಡ್ಮಿನ್
ಈಗ ಅದು ಬೇಡ ಬಿಡಿ, ಕೇಸ್ ನಡೆಯುತ್ತಿದೆ.

ಶಾಂತಲಾ_ಲೆಕ್ಕಪತ್ರ
ನಾನು ಟೆಕ್ನಿಕಲ್ ಅಲ್ಲ, ಫೈನಾನ್ಸ್. ಆದರೆ ಈ ಕಂಪನಿಯ ಲೆಕ್ಕದ ಕಥೆ ಮಾತ್ರ ಬಲು ಮಜಾ. ಒಂದು ಭಾಗ ಹೇಳುತ್ತೇನೆ.

1999ರಲ್ಲಿ ವೆರಿಟಾಸ್ ಹಾರ್ಡ್ ಡಿಸ್ಕ್ ಮಾಡುವ ಸೀಗೇಟ್‌ನಿಂದ ಅವರ ಸ್ಟೋರೇಜ್ ಸಾಫ್ಟ್‌ವೇರ್ ವಿಭಾಗವನ್ನು ಕೊಂಡಿತು. ಬ್ಯಾಕಪ್ ಎಕ್ಸೆಕ್ ಅನ್ನುವ ಇನ್ನೊಂದು ಬ್ಯಾಕಪ್ ಸಾಫ್ಟ್‌ವೇರ್ ಬಂದದ್ದು ಆಗಲೇ. ದುಡ್ಡು ಕೊಡಲಿಲ್ಲ, ಷೇರು ಕೊಟ್ಟರು. ಸೀಗೇಟ್ ಕೈಯಲ್ಲಿ ವೆರಿಟಾಸ್‌ನ ಸುಮಾರು 40% ಷೇರು ಸೇರಿತು. ಡಾಟ್‌ಕಾಮ್ ಕಾಲ. ವೆರಿಟಾಸ್ ಷೇರು ರಾಕೆಟ್‌ನಂತೆ ಏರಿತು. ಎಷ್ಟೆಂದರೆ, ಸೀಗೇಟ್ ಬಳಿ ಇದ್ದ ವೆರಿಟಾಸ್ ಷೇರುಗಳ ಬೆಲೆ ಇಡೀ ಸೀಗೇಟ್ ಕಂಪನಿಯ ಬೆಲೆಗಿಂತ ಜಾಸ್ತಿಯಾಯಿತು! ಅಂಗಡಿಗಿಂತ ಅದರ ಲಾಕರ್‌ನಲ್ಲಿರುವ ಚಿನ್ನಕ್ಕೆ ಬೆಲೆ ಹೆಚ್ಚು ಅಂದ ಹಾಗೆ. ಅಂದರೆ ಡಿಸ್ಕ್ ಕಾರ್ಖಾನೆಗಳಿಗೆ ಮಾರುಕಟ್ಟೆ ಸೊನ್ನೆಗಿಂತ ಕಡಿಮೆ ಬೆಲೆ ಕಟ್ಟಿತ್ತು.

ನೇರವಾಗಿ ಮಾರಿದರೆ ತೆರಿಗೆ ಹೊಡೆತ. ಹಾಗಾಗಿ 2000ದಲ್ಲಿ ಒಂದು ಸುತ್ತುಬಳಸು ವ್ಯವಹಾರ ಮಾಡಿದರು. ಡಿಸ್ಕ್ ವ್ಯಾಪಾರವನ್ನು ಸಿಲ್ವರ್ ಲೇಕ್ ಮುಂದಾಳತ್ವದ ಹೂಡಿಕೆದಾರರು ಸುಮಾರು 200 ಕೋಟಿ ಡಾಲರ್‌ಗೆ ತೆಗೆದುಕೊಂಡರು. ಉಳಿದ ಸೀಗೇಟ್ ಅನ್ನುವ ಖಾಲಿ ಡಬ್ಬಿಯನ್ನು, ಅದರೊಳಗಿನ ತನ್ನದೇ ಷೇರುಗಳ ಸಮೇತ ವೆರಿಟಾಸ್ ನುಂಗಿತು. ಇದನ್ನು ಮೊದಲ ಸಲ ಓದಿದಾಗ ಕಾಗದ ಪೆನ್ಸಿಲ್ ತೆಗೆದುಕೊಂಡು ಬಾಣ ಎಳೆದು ನೋಡಬೇಕಾಯಿತು.

ಬೆಳಗಾವಿ_ಟು_ಪುಣೆ
ಮೇಡಂ, ಆ ಸಿಎಫ್‌ಒ ಕಥೆ ಬಿಟ್ಟಿರಲ್ಲ.

ಶಾಂತಲಾ_ಲೆಕ್ಕಪತ್ರ
ಬರುತ್ತಿದ್ದೆ ಅಲ್ಲಿಗೇ 🙂 ವೆರಿಟಾಸ್ ಅಂದರೆ ಲ್ಯಾಟಿನ್‌ನಲ್ಲಿ ಸತ್ಯ. 2002ರ ಅಕ್ಟೋಬರ್‌ನಲ್ಲಿ ಸತ್ಯ ಕಂಪನಿಯ ಸಿಎಫ್‌ಒ ರಾಜೀನಾಮೆ ಕೊಟ್ಟರು. ಸ್ಟ್ಯಾನ್‌ಫರ್ಡ್ ಎಂಬಿಎ ಅಂತ ಹಾಕಿಕೊಂಡಿದ್ದರು, ಅಂಥ ಡಿಗ್ರಿ ಇರಲೇ ಇಲ್ಲ. ಷೇರು ಧಡಕ್ಕನೆ ಬಿತ್ತು.

ಅದರ ಹಿಂದೆಯೇ ಇಂಟರ್ನೆಟ್ ಕಂಪನಿ ಎಒಎಲ್ ವಿಷಯ ಹೊರಬಂತು. 2000ದ ಕೊನೆಯಲ್ಲಿ ಎಒಎಲ್‌ಗೆ 5 ಕೋಟಿ ಡಾಲರ್ ಸಾಫ್ಟ್‌ವೇರ್ ಮಾರಿದ ಲೆಕ್ಕ ತೋರಿಸಿದ್ದರು. ಅದೇ ಹೊತ್ತಿಗೆ ಎಒಎಲ್‌ನಿಂದ 2 ಕೋಟಿ ಡಾಲರ್ ಜಾಹೀರಾತು ಕೊಂಡಿದ್ದರು. ಬಲಗೈಯಿಂದ ಕೊಟ್ಟು ಎಡಗೈಯಿಂದ ತೆಗೆದುಕೊಂಡು ಎರಡನ್ನೂ ವ್ಯಾಪಾರ ಅನ್ನುವುದು. ಲೆಕ್ಕ ತಿದ್ದಬೇಕಾಯಿತು. 2007ರಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಜೊತೆ 3 ಕೋಟಿ ಡಾಲರ್ ದಂಡಕ್ಕೆ ಮುಗಿಸಿಕೊಂಡರು.

ವೀಮ್_ಅಭಿಮಾನಿ
ಸತ್ಯಮೇವ ಜಯತೇ. ಇನ್ನು ಸಿಮ್ಯಾಂಟೆಕ್ ಈ ಕಂಪನಿಯನ್ನು ಹೇಗೆ ಹಾಳು ಮಾಡಿತು ಅನ್ನುವುದಕ್ಕೆ ಬನ್ನಿ.

ಹಳೇ_ಅಡ್ಮಿನ್
2004ರ ಡಿಸೆಂಬರ್ 16. ಸಿಮ್ಯಾಂಟೆಕ್ 1,350 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ವೆರಿಟಾಸ್ ಕೊಳ್ಳುತ್ತೇವೆ ಅಂತ ಘೋಷಿಸಿತು. 2005ರ ಜುಲೈನಲ್ಲಿ ಮುಗಿಯಿತು. ಆ್ಯಂಟಿವೈರಸ್ ಮತ್ತು ಬ್ಯಾಕಪ್ ಒಂದೇ ಅಂಗಡಿಯಲ್ಲಿ, ಗ್ರಾಹಕ ಒಬ್ಬನೇ, ಅನ್ನುವ ಲೆಕ್ಕ. ಆದರೆ ಆಫೀಸ್‌ಗಳಲ್ಲಿ ಸೆಕ್ಯುರಿಟಿ ಕೊಳ್ಳುವವರೇ ಬೇರೆ, ಬ್ಯಾಕಪ್ ಕೊಳ್ಳುವವರೇ ಬೇರೆ. ಇಬ್ಬರೂ ಒಂದೇ ಲಿಫ್ಟ್‌ನಲ್ಲಿ ಹೋದರೂ ಮಾತಾಡುವುದಿಲ್ಲ.

ಶಾಂತಲಾ_ಲೆಕ್ಕಪತ್ರ
ಲೆಕ್ಕದಲ್ಲೂ ಕಾಣುತ್ತದೆ. 2008ರ ಕೊನೆಯ ಮೂರು ತಿಂಗಳಲ್ಲಿ ಸಿಮ್ಯಾಂಟೆಕ್ ಸುಮಾರು 700 ಕೋಟಿ ಡಾಲರ್ ಗುಡ್‌ವಿಲ್ (ಕಂಪನಿ ಕೊಳ್ಳುವಾಗ ಅದರ ಆಸ್ತಿಗಿಂತ ಹೆಚ್ಚು ಕೊಟ್ಟ ಬೆಲೆ) ಬರೆದು ತೆಗೆಯಿತು. ಮಾರುಕಟ್ಟೆಯೇ ಕುಸಿದಿದ್ದ ಕಾಲ, ನಿಜ. ಆದರೂ ಕೊಟ್ಟ ಬೆಲೆ ಜಾಸ್ತಿಯಾಗಿತ್ತು ಅಂತ ಒಪ್ಪಿಕೊಂಡ ಹಾಗೆ.

ವೀಮ್_ಅಭಿಮಾನಿ
ಅದೇ ನಾನು ಹೇಳುವುದು. ಕೊಂದವರು ಸಿಮ್ಯಾಂಟೆಕ್. ಹತ್ತು ವರ್ಷ ಏನೂ ಮಾಡಲಿಲ್ಲ. ಒಂದೇ ಸರ್ವರ್‌ನೊಳಗೆ ಹಲವು ಕಂಪ್ಯೂಟರ್ ಓಡಿಸುವ ವಿಎಂವೇರ್ ಬಂದಾಗ ನಿದ್ದೆ ಮಾಡುತ್ತಿದ್ದರು. 2006ರಲ್ಲಿ ಶುರುವಾದ ಬ್ಯಾಕಪ್ ಕಂಪನಿ ವೀಮ್ ಬಂದು ಊಟ ಮಾಡಿಕೊಂಡು ಹೋಯಿತು. ಆಮೇಲೆ ಬ್ರಾಡ್‌ಕಾಮ್‌ಗೆ ಎಲ್ಲವನ್ನೂ ಮಾರಿ ಕೈ ತೊಳೆದುಕೊಂಡರು.

ಬೆಳಗಾವಿ_ಟು_ಪುಣೆ
ಎರಡು ತಪ್ಪು ಇದೆ ಅಣ್ಣಾ.

ಒಂದು, ಬ್ರಾಡ್‌ಕಾಮ್‌ಗೆ ವೆರಿಟಾಸ್ ಹೋಗಲೇ ಇಲ್ಲ. 2019ರಲ್ಲಿ ಬ್ರಾಡ್‌ಕಾಮ್ 1,070 ಕೋಟಿ ಡಾಲರ್‌ಗೆ ಕೊಂಡದ್ದು ಸಿಮ್ಯಾಂಟೆಕ್‌ನ ಎಂಟರ್‌ಪ್ರೈಸ್ ಸೆಕ್ಯುರಿಟಿ ಭಾಗ. ವೆರಿಟಾಸ್ ಅದಕ್ಕೂ ಮೊದಲೇ ಹೊರಗೆ ಬಂದಿತ್ತು. ಕಾರ್ಲೈಲ್ ಅನ್ನುವ ಹೂಡಿಕೆ ಗುಂಪು 2015ರಲ್ಲಿ 800 ಕೋಟಿ ಡಾಲರ್‌ಗೆ ಒಪ್ಪಿ, ಕೊನೆ ಗಳಿಗೆಯಲ್ಲಿ ಚೌಕಾಸಿ ಮಾಡಿ 740 ಕೋಟಿಗೆ ಇಳಿಸಿ, 2016ರ ಜನವರಿಯಲ್ಲಿ ತೆಗೆದುಕೊಂಡಿತು. 1,350ಕ್ಕೆ ಕೊಂಡು 740ಕ್ಕೆ ಮಾರಾಟ.

ಎರಡು, ನಿದ್ದೆ ಮಾಡುತ್ತಿದ್ದರು ಅನ್ನುವುದು ಸುಳ್ಳು. 2007ರಲ್ಲಿ ಬಂದ ನೆಟ್‌ಬ್ಯಾಕಪ್ 6.5ರಲ್ಲೇ ವಿಎಂವೇರ್ ಬ್ಯಾಕಪ್ ಇತ್ತು. 2010ರ 7.0ರಲ್ಲಿ ಅದು ಇನ್ನೂ ಚೆನ್ನಾಯಿತು, ಕ್ಲೈಂಟ್‌ನಲ್ಲೇ, ಅಂದರೆ ಬ್ಯಾಕಪ್ ಆಗುವ ಕಂಪ್ಯೂಟರ್‌ನಲ್ಲೇ, ಡಿಡೂಪ್ಲಿಕೇಷನ್ (ಒಂದೇ ಡೇಟಾವನ್ನು ಎರಡು ಸಲ ಇಡದಿರುವುದು) ಕೂಡ ಬಂತು. ಕೋಡ್ ಬರೆದವರು ಪುಣೆಯಲ್ಲಿ ನಮ್ಮ ಪಕ್ಕದ ಮೇಜಿನವರು. ರಾತ್ರಿ ಹನ್ನೊಂದರ ಕಾಲ್ ಮುಗಿಸಿ ಅವರ ಜೊತೆ ವಡಾಪಾವ್ ತಿಂದವನು ನಾನು. ತಂತ್ರಜ್ಞಾನ ಇತ್ತು. ಕೊಳ್ಳುವುದು ಕಷ್ಟವಾಗಿತ್ತು. ಬೆಲೆಪಟ್ಟಿ ಓದಲು ಒಬ್ಬ ಕನ್ಸಲ್ಟೆಂಟ್, ಇನ್‌ಸ್ಟಾಲ್ ಮಾಡಲು ಇನ್ನೊಬ್ಬ. ವೀಮ್ ಅನ್ನು ಒಬ್ಬ ಅಡ್ಮಿನ್ ಮಧ್ಯಾಹ್ನ ಡೌನ್‌ಲೋಡ್ ಮಾಡಿ ಸಂಜೆಗೆ ಓಡಿಸುತ್ತಿದ್ದ. ಅಲ್ಲೇ ಆಟ ಮುಗಿಯಿತು.

ವೀಮ್_ಅಭಿಮಾನಿ
ಬ್ರಾಡ್‌ಕಾಮ್ ವಿಷಯ ಒಪ್ಪಿದೆ. ಎರಡನೆಯದನ್ನು ನೀವೇ ನನ್ನ ಪರವಾಗಿ ವಾದಿಸಿದ್ದೀರಿ. ಬೆಲೆಪಟ್ಟಿ ಯಾರದ್ದು? ಸಿಮ್ಯಾಂಟೆಕ್‌ನದ್ದು.

ಹಳೇ_ಅಡ್ಮಿನ್
ಬೆಲೆಪಟ್ಟಿ ಸಿಮ್ಯಾಂಟೆಕ್‌ಗೆ ಮೊದಲೂ ಹಾಗೇ ಇತ್ತು ಸ್ವಾಮಿ. ನಾನು ಇನ್ನೊಂದು ಕೋನ ಹೇಳುತ್ತೇನೆ. ವೆರಿಟಾಸ್‌ನ ಬುಡ ಇದ್ದದ್ದು ವಾಲ್ಯೂಮ್ ಮ್ಯಾನೇಜರ್ ಮೇಲೆ. ಸನ್ 2005ರಲ್ಲಿ ತನ್ನ ಫೈಲ್ ಸಿಸ್ಟಮ್ ಆದ ಝಡ್‌ಎಫ್‌ಎಸ್ ಕೋಡ್ ಅನ್ನೇ ಪುಕ್ಕಟೆ ಬಿಟ್ಟಿತು. ಲಿನಕ್ಸ್‌ನಲ್ಲಿ ವಾಲ್ಯೂಮ್ ಮ್ಯಾನೇಜರ್ ಕೆಲಸ ಮಾಡುವ ಎಲ್‌ವಿಎಂ ಪುಕ್ಕಟೆ. ಅತ್ತ ಟೇಪ್ ಕೂಡ ಹಿಂದೆ ಸರಿಯಿತು. ಡೇಟಾ ಡೊಮೈನ್ ಅನ್ನುವ ಡಿಸ್ಕ್ ಪೆಟ್ಟಿಗೆ ಒಂದೇ ತುಣುಕನ್ನು ಎರಡು ಸಲ ಇಡುವುದಿಲ್ಲ ಅಂತ ಬಂತು. 2009ರಲ್ಲಿ ಆ ಕಂಪನಿಗಾಗಿ ಸ್ಟೋರೇಜ್ ಕಂಪನಿಗಳಾದ ನೆಟ್‌ಆ್ಯಪ್ ಮತ್ತು ಇಎಂಸಿ ಹರಾಜಿನಂತೆ ಜಗಳವಾಡಿ, ಕೊನೆಗೆ ಇಎಂಸಿ 210 ಕೋಟಿ ಡಾಲರ್ ಕೊಟ್ಟಿತು. ಮೇಲಿನಿಂದ ವೀಮ್, ಕೆಳಗಿನಿಂದ ಡೇಟಾ ಡೊಮೈನ್, ಪಕ್ಕದಿಂದ ಪುಕ್ಕಟೆ ಸಾಫ್ಟ್‌ವೇರ್. ಮಾಲೀಕ ಯಾರಿದ್ದರೂ ಏನು ಮಾಡುತ್ತಿದ್ದ?

ವೀಮ್_ಅಭಿಮಾನಿ
ಹಾಗಾದರೆ ಇನ್ನೊಂದು ಬ್ಯಾಕಪ್ ಕಂಪನಿ ಕಾಮ್‌ವಾಲ್ಟ್ ಹೇಗೆ ಬದುಕಿತು? 1988ರಲ್ಲಿ ಬೆಲ್ ಲ್ಯಾಬ್ಸ್ ಒಳಗೆ ಶುರುವಾಯಿತು, 1996ರಲ್ಲಿ ಬೇರೆಯಾಯಿತು, 2006ರಲ್ಲಿ ಷೇರು ಪೇಟೆಗೆ ಬಂತು. ಇವತ್ತಿಗೂ ಅದೇ ಹೆಸರು, ಯಾರಿಗೂ ಮಾರಾಟವಾಗಿಲ್ಲ. ಟೇಪ್ ಹೋದದ್ದು, ವಿಎಂವೇರ್ ಬಂದದ್ದು ಅವರಿಗೂ ಅದೇ ತಾನೇ?

ಹಳೇ_ಅಡ್ಮಿನ್
ಹ್ಞೂಂ. ಇದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ.

ಕಾಫಿ_ಬೈಟು
ಹಳೇ ಅಡ್ಮಿನ್ ಸೋತದ್ದು ಮೊದಲ ಸಲ ನೋಡುತ್ತಿದ್ದೇನೆ. ಸ್ಕ್ರೀನ್‌ಶಾಟ್ ತೆಗೆದುಕೊಂಡೆ, ಅದೂ ಎರಡು ಕಡೆ ಬ್ಯಾಕಪ್ ಸಮೇತ.

ಟೇಪ್_ತಿಮ್ಮ
ನೀವೆಲ್ಲ ಕೋಟಿ ಕೋಟಿ ಮಾತಾಡುತ್ತೀರಿ. ನಾನು ಟೇಪ್ ಹೊತ್ತವನು. 2004ರ ಸುಮಾರಿಗೆ ಒಂದು ಕಂಪನಿಯಲ್ಲಿದ್ದೆ, ಹೆಸರು ಬೇಡ. ಪ್ರತಿ ಶುಕ್ರವಾರ ಎಂಟು ಎಲ್‌ಟಿಒ ಟೇಪ್ ತೆಗೆದು, ಸ್ಟೀಲ್ ಟಿಫಿನ್ ಕ್ಯಾರಿಯರ್ ಚೀಲದಲ್ಲಿ ಹಾಕಿಕೊಂಡು, ಆಟೋ ಹಿಡಿದು ಬ್ಯಾಂಕ್ ಲಾಕರ್‌ಗೆ ಹೋಗುತ್ತಿದ್ದೆ. ಆಟೋ ಡ್ರೈವರ್ ಒಂದು ದಿನ “ಏನ್ ಸಾರ್ ವಾರವಾರ ಚಿನ್ನ ಇಡ್ತೀರಾ” ಅಂದ.

ಎರಡು ವರ್ಷ ಹೀಗೆ ಮಾಡಿದೆವು. ರಿಪೋರ್ಟ್‌ನಲ್ಲಿ ದಿನವೂ ಸ್ಟೇಟಸ್ ಸೊನ್ನೆ, ಅಂದರೆ ಎಲ್ಲ ಸರಿ. ಒಂದು ದಿನ ಡೇಟಾಬೇಸ್ ಸರ್ವರ್ ಸತ್ತಿತು. ಲಾಕರ್‌ನಿಂದ ಟೇಪ್ ತಂದು ರಿಸ್ಟೋರ್ ಹಾಕಿದೆವು. ಫೋಲ್ಡರ್ ಇದೆ, ಒಳಗೆ ಏನೂ ಇಲ್ಲ. ಯಾರೋ ಪುಣ್ಯಾತ್ಮ ಯಾವುದೋ ಕಾಲದಲ್ಲಿ ಎಕ್ಸ್‌ಕ್ಲೂಡ್ ಪಟ್ಟಿಯಲ್ಲಿ, ಅಂದರೆ ಬ್ಯಾಕಪ್ ಬೇಡ ಅನ್ನುವ ಪಟ್ಟಿಯಲ್ಲಿ, ಆ ಡೇಟಾಬೇಸ್ ಜಾಗವನ್ನೇ ಬರೆದುಬಿಟ್ಟಿದ್ದ. ಸಾಫ್ಟ್‌ವೇರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು.

ರಾತ್ರಿಪಾಳಿ_ರಘು
ಅಯ್ಯಪ್ಪಾ. ಈಗಲೇ ಹೋಗಿ ನಮ್ಮ ಎಕ್ಸ್‌ಕ್ಲೂಡ್ ಪಟ್ಟಿ ನೋಡುತ್ತೇನೆ.

ಮಲೆನಾಡ_ಮಳೆ
ಸ್ವಲ್ಪ ವಿಷಯಾಂತರ, ಕ್ಷಮಿಸಿ. ಇಲ್ಲಿ ತಿಳಿದವರು ಇದ್ದೀರಿ ಅಂತ ಕೇಳುತ್ತಿದ್ದೇನೆ. ಮನೆಯವರು 2005ರಲ್ಲಿ ನಮ್ಮ ಮದುವೆ ಫೋಟೋಗಳನ್ನು ಎಕ್ಸ್‌ಪಿ ಕಂಪ್ಯೂಟರ್‌ನಿಂದ ಬ್ಯಾಕಪ್ ಮಾಡಿ ಸಿಡಿಗೆ ಹಾಕಿದ್ದರು. ಫೈಲ್ ಹೆಸರಿನ ಕೊನೆಯಲ್ಲಿ ‘ಬಿಕೆಎಫ್’ ಅಂತ ಇದೆ. ಈಗಿನ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತಿಲ್ಲ. ಸಾಗರದ ಮಳೆಗೆ ಸಿಡಿಗೆ ಬೂಸ್ಟು ಹಿಡಿಯುವ ಮೊದಲು ಏನಾದರೂ ಮಾಡಬೇಕು.

ಹಳೇ_ಅಡ್ಮಿನ್
ಇದು ವಿಷಯಾಂತರವೇ ಅಲ್ಲ ಮೇಡಂ! ವಿಂಡೋಸ್ ಜೊತೆ ಬರುತ್ತಿದ್ದ ಎನ್‌ಟಿಬ್ಯಾಕಪ್ ಈ ಕಥೆಯದೇ ಇನ್ನೊಂದು ಕವಲು. ಬ್ಯಾಕಪ್ ಎಕ್ಸೆಕ್ ಮಾಡಿದವರೇ ಅದನ್ನೂ ಮೈಕ್ರೋಸಾಫ್ಟ್‌ಗೆ ಬರೆದುಕೊಟ್ಟದ್ದು. ಮೊದಲು ಫ್ಲೋರಿಡಾದ ಮೇನಾರ್ಡ್ ಅನ್ನುವ ಕಂಪನಿ. ಅದನ್ನು ಆರ್ಕೈವ್ ಕೊಂಡಿತು, ಆರ್ಕೈವ್ ಅನ್ನು ಕಾನರ್ ಕೊಂಡಿತು, ಸಾಫ್ಟ್‌ವೇರ್ ಭಾಗಕ್ಕೆ ಆರ್ಕೇಡಾ ಅಂತ ಹೆಸರಾಯಿತು, 1996ರಲ್ಲಿ ಕಾನರ್ ಸೀಗೇಟ್‌ಗೆ ಸೇರಿತು, ಮುಂದಿನದನ್ನು ಶಾಂತಲಾ ಮೇಡಂ ಹೇಳಿದ್ದಾರೆ. ನಿಮ್ಮ ಮದುವೆ ಫೋಟೋ ಹಿಂದೆ ಇಷ್ಟು ಮದುವೆಗಳಿವೆ.

ಮೊದಲು ಸಿಡಿಯಲ್ಲಿರುವುದನ್ನು ಕಾಪಿ ಮಾಡಿ ಇಟ್ಟುಕೊಳ್ಳಿ. ಆಮೇಲೆ ಯಾರ ಬಳಿಯಾದರೂ ಎಕ್ಸ್‌ಪಿ ಇರುವ ಹಳೇ ಕಂಪ್ಯೂಟರ್ ಇದ್ದರೆ ಅದರಲ್ಲೇ ತೆರೆಯಿರಿ, ಇಲ್ಲವೇ ವರ್ಚುವಲ್ ಮಷೀನ್‌ನಲ್ಲಿ ಎಕ್ಸ್‌ಪಿ ಹಾಕಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬರೀ ರಿಸ್ಟೋರ್ ಮಾಡುವ ಸಣ್ಣ ಟೂಲ್ ಕೂಡ ಬಿಟ್ಟಿತ್ತು.

ಮಲೆನಾಡ_ಮಳೆ
ತುಂಬಾ ಉಪಕಾರವಾಯಿತು. ಭಾವನ ಅಂಗಡಿಯಲ್ಲಿ ಬಿಲ್ ಹಾಕಲು ಇನ್ನೂ ಎಕ್ಸ್‌ಪಿಯೇ ಇದೆ. ನಾಳೆ ಹೋಗಿ ನೋಡುತ್ತೇನೆ.

ಕಾಫಿ_ಬೈಟು
ಭಾವನ ಅಂಗಡಿ ಬಿಲ್‌ಗೆ ಬ್ಯಾಕಪ್ ಇದೆಯಾ ಅಂತಲೂ ಕೇಳಿ.

ಟೇಪ್_ತಿಮ್ಮ
ಬ್ಯಾಕಪ್ ಎಕ್ಸೆಕ್ ಅಂದಾಗ ನೆನಪಾಯಿತು. 2012ರ ಆವೃತ್ತಿಯಲ್ಲಿ ಜಾಬ್ ಮಾನಿಟರ್ ಅನ್ನೇ ಕಿತ್ತು ಹಾಕಿದ್ದರು. ಎಲ್ಲ ಜಾಬ್‌ಗಳನ್ನೂ ಒಂದೇ ಕಡೆ ನೋಡುವ ಪರದೆ ಅದು. ಬೆಳಿಗ್ಗೆ ಬಂದು ಕಾಫಿ ಕುಡಿಯುತ್ತಾ ನೋಡುತ್ತಿದ್ದದ್ದೇ ಅದನ್ನು. ಗ್ರಾಹಕರು ಬೈದ ಬೈಗುಳಕ್ಕೆ ಆಮೇಲೆ ವಾಪಸ್ ತಂದರು. ಈ ಒಂದು ವಿಷಯದಲ್ಲಿ ನಾನು ವೀಮ್ ಅಭಿಮಾನಿ ಪರ.

ಬೆಳಗಾವಿ_ಟು_ಪುಣೆ
ಪುಣೆ ವಿಷಯ ಯಾರೂ ಎತ್ತಲಿಲ್ಲ, ನಾನೇ ಹೇಳುತ್ತೇನೆ. ವೆರಿಟಾಸ್‌ನ ದೊಡ್ಡ ಕೇಂದ್ರ ಇಲ್ಲಿತ್ತು. ನಮ್ಮ ಕಡೆಯ ಹುಡುಗರಿಗೆ ಬೆಂಗಳೂರಿಗಿಂತ ಪುಣೆ ಹತ್ತಿರ, ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಆಫೀಸ್. ಫೈಲ್ ಸಿಸ್ಟಮ್ ಕೆಲಸ ಕಲಿಯಬೇಕು ಅಂದರೆ ಆಗ ದೇಶದಲ್ಲಿ ಇದಕ್ಕಿಂತ ಒಳ್ಳೆ ಜಾಗ ಕಡಿಮೆ. ಇಲ್ಲಿಂದ ಹೊರಟವರೇ 2008ರಲ್ಲಿ ದ್ರುವಾ ಅನ್ನುವ ಬ್ಯಾಕಪ್ ಕಂಪನಿ ಕಟ್ಟಿದರು, ಜಸ್‌ಪ್ರೀತ್ ಸಿಂಗ್ ಮತ್ತು ಜೊತೆಯವರು. 2019ರಲ್ಲಿ ಅದರ ಬೆಲೆ 100 ಕೋಟಿ ಡಾಲರ್ ದಾಟಿತು. ಹಳೇ ಮರ ಬಿದ್ದರೂ ಬೀಜ ಅಲ್ಲಲ್ಲಿ ಚಿಗುರಿದೆ ಅಂತ ನಾವು ಹಳಬರು ಸಮಾಧಾನ ಮಾಡಿಕೊಳ್ಳುತ್ತೇವೆ.

ಶಾಂತಲಾ_ಲೆಕ್ಕಪತ್ರ
ಈಗಿನ ಸ್ಥಿತಿ ಏನು? ಕಾರ್ಲೈಲ್ ಬಿಟ್ಟರಾ?

ಮಿನ್ನೆಸೋಟ_ಚಳಿ
2024ರ ಫೆಬ್ರವರಿಯಲ್ಲಿ ಘೋಷಣೆ, ಡಿಸೆಂಬರ್ 10ಕ್ಕೆ ಮುಗಿಯಿತು. ನೆಟ್‌ಬ್ಯಾಕಪ್ ಕೊಹೀಸಿಟಿಗೆ ಹೋಯಿತು. ಅದು ಮೋಹಿತ್ ಆರನ್ ಶುರು ಮಾಡಿದ ಕಂಪನಿ, ಈಗ ಸಂಜಯ್ ಪೂನನ್ ಸಿಇಒ. ಉಳಿದದ್ದಕ್ಕೆ ಆರ್ಕ್‌ಟೆರಾ ಅಂತ ಹೊಸ ಹೆಸರು. ಬ್ಯಾಕಪ್ ಎಕ್ಸೆಕ್ ಅಲ್ಲಿಗೆ ಹೋಯಿತು. ವಾಲ್ಯೂಮ್ ಮ್ಯಾನೇಜರ್, ವಿಎಕ್ಸ್‌ಎಫ್‌ಎಸ್ ಇರುವ ಇನ್ಫೋಸ್ಕೇಲ್ ಕೂಡ ಅಲ್ಲಿಗೇ.

ಗಮನಿಸಿ. ಕಂಪನಿ ಹುಟ್ಟಿದ್ದೇ ಯಾವುದರಿಂದಲೋ ಅದು ‘ಉಳಿದದ್ದು’ ಆಯಿತು. ಹೊರಗಿನಿಂದ ಬಂದ ನೆಟ್‌ಬ್ಯಾಕಪ್‌ಗೆ ಬೆಲೆ ಬಂತು.

ಹಳೇ_ಅಡ್ಮಿನ್
ಅದೇ ನನಗೆ ಹೊಟ್ಟೆ ಉರಿಯುವುದು. ವಿಎಕ್ಸ್‌ಎಫ್‌ಎಸ್ ಮನೆಮಗ. ಮನೆ ಹೆಸರೇ ಹೋಯಿತು, ಮನೆಮಗನಿಗೆ ಹಿತ್ತಲಲ್ಲಿ ಒಂದು ಕೋಣೆ.

ವೀಮ್_ಅಭಿಮಾನಿ
ಸರ್, ಅಷ್ಟು ದುಃಖ ಬೇಡ. ವೀಮ್ ಕೂಡ 2020ರಲ್ಲಿ 500 ಕೋಟಿ ಡಾಲರ್‌ಗೆ ಇನ್‌ಸೈಟ್ ಅನ್ನುವ ಹೂಡಿಕೆ ಸಂಸ್ಥೆಯ ಪಾಲಾಯಿತು. ನಾಳೆ ನಮ್ಮ ಲೋಗೋ ಯಾವುದೋ ಯಾರಿಗೆ ಗೊತ್ತು.

ರಾತ್ರಿಪಾಳಿ_ರಘು
ಅಪ್‌ಡೇಟ್: ಕರ್ಬರೋಸ್ ಲೈಸೆನ್ಸ್ ಓದಿದೆ, ಓಪನ್‌ವಿಷನ್ ಹೆಸರು ಇದೆ! ಸೀನಿಯರ್‌ಗೆ ಬಿಪಿ ಕಥೆ ಪೂರ್ತಿ ಹೇಳಿದೆ. ಅವರು ಗಂಭೀರವಾಗಿ ಕೇಳಿ, “ಚೆನ್ನಾಗಿದೆ, ಟಿಕೆಟ್ ಕ್ಲೋಸ್ ಮಾಡಿದ್ಯಾ” ಅಂದರು. ಎಕ್ಸ್‌ಕ್ಲೂಡ್ ಪಟ್ಟಿಯಲ್ಲಿ ಯಾಕಿದೆ ಅಂತ ಯಾರಿಗೂ ಗೊತ್ತಿಲ್ಲದ ಮೂರು ಫೋಲ್ಡರ್ ಸಿಕ್ಕಿವೆ. ಅದಕ್ಕೆ ಬೇರೆ ಟಿಕೆಟ್ ತೆರೆದೆ.

ಮಲೆನಾಡ_ಮಳೆ
ಭಾವನ ಅಂಗಡಿಯಲ್ಲಿ ತೆರೆಯಿತು! 214 ಫೋಟೋ. ಆದರೆ ಮದುವೆಯದಲ್ಲ, ನಮ್ಮ ಮನೆಯವರ ಕಾಲೇಜು ಟ್ರಿಪ್‌ನದು. ಮದುವೆ ಫೋಟೋ ಇರುವ ಸಿಡಿ ಯಾವುದು ಅಂತ ಈಗ ಅವರೇ ಹುಡುಕಬೇಕು.

ಟೇಪ್_ತಿಮ್ಮ
ಸ್ಟೇಟಸ್ ಸೊನ್ನೆ ಮೇಡಂ, ಸ್ಟೇಟಸ್ ಸೊನ್ನೆ 😂 ನನಗೆ ಇಲ್ಲಿ ಸ್ಟೇಟಸ್ 96 ಬಂದು ಕೂತಿದೆ, ಖಾಲಿ ಟೇಪ್ ಇಲ್ಲವಂತೆ. ಹಾಕಿ ಬರುತ್ತೇನೆ.